ಪದಚರ್ಚೆ: ‘ಆಂಟಿಸೆಮಿಟಿಸಂ’ಗೆ ಕನ್ನಡದಲ್ಲಿ ಏನನ್ನೋಣ? (ಜೊತೆಗೆ ಅಮೆರಿಕದ ಕ್ಯಾಂಪಸ್ ಜಗಳದ ಇನ್ನಷ್ಟು ಪದಗಳು)

ಎಲ್ಲರಿಗೂ ನಮಸ್ಕಾರ,

ಆಂಟಿಸೆಮಿಟಿಸಂ, ಅಂದರೆ ಯೆಹೂದಿಗಳು ಅನ್ನುವ ಕಾರಣಕ್ಕೇ ಅವರನ್ನು ಹಗೆ ಮಾಡುವುದು, ಇದಕ್ಕೆ ನೀವೆಲ್ಲ ಏನು ಬಳಸುತ್ತೀರಿ? ನಮ್ಮ ಕನ್ನಡ ಕೂಟದ ಸಂಚಿಕೆಗೆ ಬಂದಿರುವ ಒಂದು ಲೇಖನ ತಿದ್ದುತ್ತಿದ್ದೇನೆ. ವಿಷಯ ಇಸ್ರೇಲ್-ಗಾಜಾ ಯುದ್ಧದ ಬಗ್ಗೆ ಇಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 2023ರ ಅಕ್ಟೋಬರ್‌ನಿಂದ ನಡೆದಿರುವ ಜಗಳ. ಓದುವವರಲ್ಲಿ ಬಹಳ ಜನರ ಮಕ್ಕಳು ಅದೇ ಕ್ಯಾಂಪಸ್‌ಗಳಲ್ಲಿದ್ದಾರೆ. ಊರಿನಲ್ಲಿರುವ ಅಜ್ಜಿ ತಾತಂದಿರೂ ಓದುತ್ತಾರೆ. ಹಾಗಾಗಿ ಇಂಗ್ಲಿಷ್ ಪದವನ್ನು ಸುಮ್ನೆ ಕನ್ನಡ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಕನ್ನಡದ ಸುದ್ದಿಗಳಲ್ಲಿ ನನ್ನ ಕಣ್ಣಿಗೆ ಬಿದ್ದಿರುವುದು ‘ಸೆಮೆಟಿಕ್ ವಿರೋಧಿ’, ‘ಯೆಹೂದಿ ವಿರೋಧಿ’, ‘ಯೆಹೂದಿ ದ್ವೇಷ’. ಮೊದಲನೆಯದನ್ನು ಬಿಟ್ಟುಬಿಡೋಣ ಅನ್ನುವುದು ನನ್ನ ವಾದ. ಸೆಮೆಟಿಕ್ ಬಂದದ್ದು ಶೇಮ್ ಎಂಬ ಹೆಸರಿನಿಂದ. ಕನ್ನಡ ಬೈಬಲಿನ ಆದಿಕಾಂಡದಲ್ಲಿ ನೋಹನ ಮಗ ಇದ್ದಾನಲ್ಲ, ಅವನೇ. 1781ರಲ್ಲಿ ಶ್ಲೋಟ್ಸರ್ ಎಂಬ ಜರ್ಮನ್ ವಿದ್ವಾಂಸ ಹೀಬ್ರೂ, ಅರಬ್ಬಿ, ಅರಮಾಯಿಕ್ ನುಡಿಗಳ ಕುಟುಂಬಕ್ಕೆ ಈ ಹೆಸರು ಕೊಟ್ಟ. ಅಲ್ಲಿಗೆ ಅದು ನುಡಿಯ ಮಾತು ಅಷ್ಟೇ. ಆಮೇಲೆ 1879ರ ಸುಮಾರಿಗೆ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ‘ಆಂಟಿಸೆಮಿಟರ ಲೀಗ್’ ಅಂತ ಒಂದು ಸಂಘವನ್ನೇ ಕಟ್ಟಿದ. ಯೆಹೂದಿಗಳನ್ನು ಹಗೆ ಮಾಡುವವರು ತಮಗೆ ತಾವೇ ಹೆಮ್ಮೆಯಿಂದ ಇಟ್ಟುಕೊಂಡ ಹೆಸರು ಅದು. ‘ಇದು ಮತದ ಜಗಳ ಅಲ್ಲ, ರಕ್ತದ ವಿಷಯ, ವಿಜ್ಞಾನ’ ಅಂತ ತೋರಿಸಿಕೊಳ್ಳಲು ಬೇಕಾಗಿದ್ದ ಪದ.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ‘ಅರಬರೂ ಸೆಮೆಟಿಕ್ ಅಲ್ವಾ, ಅವರು ಹೇಗೆ ಆಂಟಿಸೆಮಿಟಿಕ್ ಆಗ್ತಾರೆ?’ ಅನ್ನುವ ಜಾಣ ಪ್ರಶ್ನೆ ಪ್ರತಿ ಚರ್ಚೆಯಲ್ಲೂ ಬರುತ್ತದೆ. ಹುಟ್ಟಿದ ದಿನದಿಂದ ಆ ಪದ ಯೆಹೂದಿಗಳನ್ನಷ್ಟೇ ಗುರಿ ಮಾಡಿದೆ. ಬೇರು ಹಿಡಿದು ಎಳೆದರೆ ಅರ್ಥ ಬದಲಾಗುವುದಿಲ್ಲ. ಈ ಗೊಂದಲ ಬೇಡ ಅಂತಲೇ 2021ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ anti-Semitism ಪದದ ನಡುವಿನ ಗೆರೆಯನ್ನೂ ದೊಡ್ಡ S ಅಕ್ಷರವನ್ನೂ ತೆಗೆದು antisemitism ಅಂತ ಮಾಡಿತು.

ಇನ್ನು ವಿರೋಧವೋ ದ್ವೇಷವೋ? ಕನ್ನಡದಲ್ಲಿ ವಿರೋಧ ಮರ್ಯಾದೆಯ ಪದ. ವಿರೋಧ ಪಕ್ಷ ಇದೆ, ವಿರೋಧ ವ್ಯಕ್ತಪಡಿಸುತ್ತೇವೆ. ‘ಯೆಹೂದಿ ವಿರೋಧಿ’ ಅಂದರೆ ಏನೋ ಒಂದು ನಿಲುವು ಅನ್ನಿಸುತ್ತದೆ, ಅದಕ್ಕೆ ಎರಡು ಕಡೆಯ ವಾದ ಇರಬಹುದು ಅನ್ನಿಸುತ್ತದೆ. ಹಾಗಾಗಿ ನನ್ನ ಆಯ್ಕೆ ‘ಯೆಹೂದಿ ದ್ವೇಷ’ ಅನ್ನುವ ಪದ.

ಅದಕ್ಕೂ ಒಂದು ತೊಡಕಿದೆ. ದ್ವೇಷ ಅಂದ ಕೂಡಲೇ ಹಲ್ಲು ಕಡಿಯುವ ಮುಖ ಕಣ್ಣಿಗೆ ಬರುತ್ತದೆ. ಹಾರ್ವರ್ಡ್‌ನಲ್ಲಿ 1922ರಲ್ಲಿ ನಡೆದದ್ದು ಹಾಗಿರಲಿಲ್ಲ. ಆಗ ಅಲ್ಲಿ ಯೆಹೂದಿ ವಿದ್ಯಾರ್ಥಿಗಳು ನೂರಕ್ಕೆ ಇಪ್ಪತ್ತು ದಾಟಿದ್ದರು. ಅಧ್ಯಕ್ಷರಾಗಿದ್ದ ಲಾರೆನ್ಸ್ ಲೊವೆಲ್ ಅದಕ್ಕೊಂದು ಮಿತಿ ಹಾಕಬೇಕು ಅಂದರು. ಬಹಿರಂಗವಾದ ಮಿತಿಗೆ ಒಪ್ಪಿಗೆ ಸಿಗಲಿಲ್ಲ. ಆದರೆ ಪ್ರವೇಶದ ಅರ್ಜಿಯಲ್ಲಿ ಹೊಸ ಪ್ರಶ್ನೆಗಳು ಬಂದವು: ತಾಯಿಯ ತವರಿನ ಹೆಸರೇನು? ಹುಟ್ಟಿದ ಮೇಲೆ ನಿಮ್ಮ ಹೆಸರಾಗಲಿ ನಿಮ್ಮ ತಂದೆಯ ಹೆಸರಾಗಲಿ ಬದಲಾಗಿದೆಯೇ? ಫೋಟೊ, ‘ನಡತೆ’, ಊರು ಎಲ್ಲವೂ ಲೆಕ್ಕಕ್ಕೆ ಬಂದವು. ಅರ್ಜಿಯಲ್ಲಿ ಕೂಗಾಟವಿಲ್ಲ, ಬೈಗುಳವಿಲ್ಲ. ಕೆಲವೇ ವರ್ಷಗಳಲ್ಲಿ ಸಂಖ್ಯೆ ಇಳಿಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 1928ರಲ್ಲಿ ಬ್ರೂಕ್ಲಿನ್‌ನಲ್ಲಿ ಸೇತ್ ಲೋ ಜೂನಿಯರ್ ಕಾಲೇಜ್ ತೆರೆದು, ಮುಖ್ಯ ಕ್ಯಾಂಪಸ್ಸಿಗೆ ಬೇಡವಾದ ಯೆಹೂದಿ ಹುಡುಗರಲ್ಲಿ ಬಹಳಷ್ಟು ಜನರನ್ನು ಅತ್ತ ಕಳಿಸಿತು. ಕತೆಗಾರ ಐಸಾಕ್ ಅಸಿಮೊವ್ ಕೂಡ ಅಲ್ಲಿಗೇ ಹೋದವರು. ಇದೂ ಆಂಟಿಸೆಮಿಟಿಸಂ. ಇಲ್ಲಿ ದ್ವೇಷ ಅನ್ನುವುದಕ್ಕಿಂತ ತಾರತಮ್ಯ ಅಂದರೆ ಸರಿ ಹೊಂದುತ್ತದೆ.

ಈ ಭಾಗದಲ್ಲಿ ಲೇಖಕರು ‘ಆ ಕಾಲದಲ್ಲಿ ಯೆಹೂದಿಗಳಿಗೆ ಕೋಟಾ ಇತ್ತು’ ಅಂತ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಸರಿ. ಕನ್ನಡದಲ್ಲಿ ಅರ್ಥ ಪೂರಾ ತಲೆಕೆಳಗು! ಮ್ಯಾನೇಜ್‌ಮೆಂಟ್ ಕೋಟಾ, ಕ್ರೀಡಾ ಕೋಟಾ, ಸಿಇಟಿಯ ಗ್ರಾಮೀಣ ಕೋಟಾ ಕೇಳಿ ಬೆಳೆದ ನಮಗೆ ಕೋಟಾ ಅಂದರೆ ಒಳಗೆ ಬಿಡುವ ಬಾಗಿಲು. ಅಲ್ಲಿ ಅದು ಹೊರಗಿಡುವ ಬಾಗಿಲು. ‘ಇಂತಿಷ್ಟೇ ಜನ ಎಂಬ ಮಿತಿ’ ಅಂತ ಬದಲಾಯಿಸಿದ್ದೇನೆ. ಉದ್ದವಾಯಿತು, ಆದರೆ ತಪ್ಪು ಅರ್ಥವಂತೂ ಬರುವುದಿಲ್ಲ.

ಈಗ ಈ ಹೊತ್ತಿನ ಜಗಳಕ್ಕೆ ಬರೋಣ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಯೆಹೂದಿಯಾಗಿ ಹುಟ್ಟಿದ ಕಾರಣಕ್ಕೆ ಒಬ್ಬರನ್ನು ಹಗೆ ಮಾಡುವುದು ಒಂದು. ಯೆಹೂದಿಗಳಿಗೆ ತಮ್ಮದೇ ನಾಡು ಬೇಕು ಅನ್ನುವ ಜಿಯೋನಿಸಂ ಚಳವಳಿಯನ್ನು ಒಪ್ಪದಿರುವುದು ಇನ್ನೊಂದು. ಇಸ್ರೇಲ್ ಸರ್ಕಾರ ಗಾಜಾದಲ್ಲಿ ಮಾಡುತ್ತಿರುವುದನ್ನು ಖಂಡಿಸುವುದು ಮತ್ತೊಂದು. ಇವುಗಳ ನಡುವಿನ ಗೆರೆ ಎಲ್ಲಿದೆ ಅನ್ನುವುದೇ ಜಗಳ. ವಿಶ್ವವಿದ್ಯಾಲಯದ ಅಧ್ಯಕ್ಷರ ಕುರ್ಚಿ, ಸರ್ಕಾರದ ದುಡ್ಡು, ವಿದ್ಯಾರ್ಥಿಗಳ ವೀಸಾ ಎಲ್ಲ ಆ ಗೆರೆಯ ಮೇಲೆ ನಿಂತಿವೆ. ನಮ್ಮ ಸುದ್ದಿಗಳು ಮೂರಕ್ಕೂ ಒಂದೇ ಪದ ಬಳಸಿದರೆ ತೀರ್ಪು ಕೊಟ್ಟ ಹಾಗಾಗುತ್ತದೆ.

ಗೆರೆ ಎಳೆಯಲು ಹೋದವರೇನು ಕಡಿಮೆ ಇಲ್ಲ. ಐಎಚ್‌ಆರ್‌ಎ ಎಂಬ, ನಾಜಿಗಳು ನಡೆಸಿದ ಯೆಹೂದಿ ನರಮೇಧದ ನೆನಪು ಉಳಿಸಲು ಇರುವ ಅಂತರ ಸರ್ಕಾರಿ ಸಂಸ್ಥೆ 2016ರ ಮೇ 26ರಂದು ಆಂಟಿಸೆಮಿಟಿಸಂಗೆ ಒಂದು ‘ಕೆಲಸಕ್ಕೆ ಬಳಸುವ ವ್ಯಾಖ್ಯೆ’ (ವರ್ಕಿಂಗ್ ಡೆಫಿನಿಷನ್) ಒಪ್ಪಿಕೊಂಡಿತು. ಜೊತೆಗೆ ಹನ್ನೊಂದು ಉದಾಹರಣೆ ಕೊಟ್ಟಿತು. ಅದರಲ್ಲಿ ಏಳು ಇಸ್ರೇಲಿಗೆ ಸಂಬಂಧಪಟ್ಟವು. ಬೇರೆ ದೇಶಕ್ಕೆ ಹೇಗೋ ಹಾಗೆಯೇ ಇಸ್ರೇಲನ್ನು ಟೀಕಿಸಿದರೆ ಅದು ಆಂಟಿಸೆಮಿಟಿಸಂ ಅಲ್ಲ ಅಂತಲೂ ಅದರಲ್ಲೇ ಇದೆ. ಇದರ ಮೂಲ ಕರಡಿನ ಮುಖ್ಯ ಲೇಖಕ ಕೆನೆತ್ ಸ್ಟರ್ನ್. ತಮಾಷೆ ಅಂದರೆ, ಕ್ಯಾಂಪಸ್ಸಿನಲ್ಲಿ ಮಾತಿಗೆ ಬೀಗ ಹಾಕಲು ಇದನ್ನು ಬಳಸಬೇಡಿ, ಇದು ಅಂಕಿಅಂಶ ಕಲೆಹಾಕಲು ಬರೆದದ್ದು ಅಂತ ಅವರೇ ಹೇಳುತ್ತಾ ಬಂದಿದ್ದಾರೆ. 2021ರಲ್ಲಿ ಇನ್ನೊಂದಿಷ್ಟು ವಿದ್ವಾಂಸರು ಜೆರುಸಲೇಂ ಘೋಷಣೆ ಅಂತ ಬೇರೆ ವ್ಯಾಖ್ಯೆ ತಂದರು. ಅಮೆರಿಕದ ಕೆಳಮನೆ ಐಎಚ್‌ಆರ್‌ಎ ವ್ಯಾಖ್ಯೆಯನ್ನು ಕಾನೂನಿಗೆ ಸೇರಿಸುವ ಮಸೂದೆಗೆ 2024ರ ಮೇ 1ರಂದು 320-91 ಮತಗಳಿಂದ ಒಪ್ಪಿಗೆ ಕೊಟ್ಟಿತು. ಹಾರ್ವರ್ಡ್, ಕೊಲಂಬಿಯಾ ಎರಡೂ 2025ರಲ್ಲಿ ಅದನ್ನು ತಮ್ಮ ನಿಯಮಕ್ಕೆ ಸೇರಿಸಿಕೊಂಡವು.

ಲೇಖನದಲ್ಲಿ ನಾನು ಕೈಯಾಡಿಸಿದ ಎರಡು ಸಾಲು ತೋರಿಸುತ್ತೇನೆ. ಒಂದು ಕಡೆ ‘ಕೊಲಂಬಿಯಾದಲ್ಲಿ ಯೆಹೂದಿ ವಿರೋಧಿ ಪ್ರತಿಭಟನೆ’ ಅಂತಿತ್ತು. 2024ರ ಏಪ್ರಿಲ್ 17ರಂದು ಅಲ್ಲಿನ ಹುಲ್ಲುಹಾಸಿನ ಮೇಲೆ ಡೇರೆ ಹಾಕಿದವರ ಬೇಡಿಕೆ ಇಸ್ರೇಲ್ ಜೊತೆಗಿನ ಹಣದ ನಂಟು ಕಡಿದುಕೊಳ್ಳಿ ಅನ್ನುವುದು. ಡೇರೆಗಳಲ್ಲಿ ಯೆಹೂದಿ ವಿದ್ಯಾರ್ಥಿಗಳೂ ಇದ್ದರು. ಆ ದಿನಗಳಲ್ಲೇ ಯೆಹೂದಿಗಳ ಪಸ್ಕ ಹಬ್ಬ ಬಂತು, ಹಬ್ಬದ ಊಟವನ್ನು ಅವರು ಅಲ್ಲೇ ಮಾಡಿದರು. ಹಾಗಾಗಿ ಅದನ್ನು ‘ಪ್ಯಾಲೆಸ್ಟೀನ್ ಪರ’ ಅಂತ ತಿದ್ದಿದೆ. ಇನ್ನೊಂದು ಕಡೆ, ಅದೇ ದಿನಗಳಲ್ಲಿ ಕೊಲಂಬಿಯಾದ ಗೇಟಿನ ಆಸುಪಾಸಿನಲ್ಲಿ ಯೆಹೂದಿ ವಿದ್ಯಾರ್ಥಿಗಳಿಗೆ ‘ಪೋಲೆಂಡಿಗೆ ವಾಪಸ್ ಹೋಗಿ’ ಅಂತ ಕೂಗಿದ್ದನ್ನು ‘ಇಸ್ರೇಲ್ ವಿರೋಧಿ ಘೋಷಣೆ’ ಅಂತ ಬರೆದಿದ್ದರು. ಪೋಲೆಂಡಿಗೂ ಇಸ್ರೇಲ್ ಸರ್ಕಾರಕ್ಕೂ ಏನು ಸಂಬಂಧ? ಲಕ್ಷಗಟ್ಟಲೆ ಯೆಹೂದಿಗಳನ್ನು ನಾಜಿಗಳು ಕೊಂದ ನೆಲ ಅದು. ಅದು ಶುದ್ಧ ಯೆಹೂದಿ ದ್ವೇಷ, ಹಾಗೇ ಬರೆಯಬೇಕು. 2023ರ ಅಕ್ಟೋಬರ್‌ನಲ್ಲಿ ಕಾರ್ನೆಲ್‌ನ ಕೋಷರ್ (ಯೆಹೂದಿ ಧರ್ಮದ ನಿಯಮದಂತೆ ಮಾಡಿದ ಅಡುಗೆಯ) ಊಟದ ಮನೆಗೆ ನುಗ್ಗಿ ಗುಂಡು ಹಾರಿಸುತ್ತೇನೆ ಅಂತ ಆನ್‌ಲೈನ್‌ನಲ್ಲಿ ಬೆದರಿಕೆ ಹಾಕಿದ ವಿದ್ಯಾರ್ಥಿಗೆ 21 ತಿಂಗಳ ಜೈಲಾಯಿತು. ಅದಕ್ಕೂ ಬೇರೆ ಹೆಸರಿಲ್ಲ.

ನಡುವೆ ಸಿಕ್ಕಿಕೊಳ್ಳುವುದು ‘ಜಿಯೋನಿಸ್ಟ್’. ನಮ್ಮ ಬೈಬಲಿನಲ್ಲಿ ಚೀಯೋನ್ ಇದೆ, ಆದರೆ ‘ಚೀಯೋನ್‌ವಾದಿ’ ಅಂದರೆ ಯಾರಿಗೂ ತಿಳಿಯದು. ಜಿಯೋನಿಸ್ಟ್ ಅಂತಲೇ ಇರಲಿ. ಅದನ್ನು ಒಂದು ರಾಜಕೀಯ ನಂಬಿಕೆಯ ಹೆಸರು ಅಂತ ಪ್ರತಿಭಟನಾಕಾರರು ಹೇಳುತ್ತಾರೆ. ಆ ನಾಡಿನ ಜೊತೆಗಿನ ನಂಟು ನಮ್ಮ ಧರ್ಮದ್ದೇ ಭಾಗ, ಹೆಸರು ಬದಲಿಸಿ ನಮ್ಮನ್ನೇ ಹೊರಗಿಡುತ್ತಿದ್ದಾರೆ ಅಂತ ಬಹಳಷ್ಟು ಯೆಹೂದಿ ವಿದ್ಯಾರ್ಥಿಗಳು ಹೇಳುತ್ತಾರೆ. ಯುಸಿಎಲ್‌ಎಯಲ್ಲಿ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಈ ಜಗಳ ಕೋರ್ಟಿಗೆ ಹೋಯಿತು. ಯೆಹೂದಿ ವಿದ್ಯಾರ್ಥಿಗಳು ಓಡಾಡಲಾಗದ ಜಾಗ ಕ್ಯಾಂಪಸ್ಸಿನಲ್ಲಿ ಇರಕೂಡದು ಅಂತ 2024ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಮಧ್ಯಂತರ ಆದೇಶ ಕೊಟ್ಟರು. ಅದೇ ಯುಸಿಎಲ್‌ಎಯ ಪ್ಯಾಲೆಸ್ಟೀನ್ ಪರ ಡೇರೆಗಳ ಮೇಲೆ ಅದೇ ವರ್ಷದ ಏಪ್ರಿಲ್ 30ರ ರಾತ್ರಿ ಎದುರು ಗುಂಪು ಗಂಟೆಗಟ್ಟಲೆ ದಾಳಿ ಮಾಡಿತ್ತು, ಪೊಲೀಸರು ತಡವಾಗಿ ಬಂದರು. ಲೇಖನದಲ್ಲಿ ಎರಡನೆಯದು ಇರಲಿಲ್ಲ. ಸೇರಿಸಿ ಅಂತ ಹೇಳಿದ್ದೇನೆ.

ಆ ಡೇರೆಗಳಿಗೆ ಲೇಖಕರು ‘ಶಿಬಿರ’ ಅಂದಿದ್ದಾರೆ. ಎನ್‌ಎಸ್‌ಎಸ್ ಶಿಬಿರ, ನೇತ್ರ ತಪಾಸಣಾ ಶಿಬಿರ ನೆನಪಾಗಿ ನನಗೆ ನಗು ಬಂತು. ಫ್ರೀಡಂ ಪಾರ್ಕಿನಿಂದ ಬರುವ ಸುದ್ದಿಯಲ್ಲಿ ದಿನಾ ಓದುವ ‘ಅಹೋರಾತ್ರಿ ಧರಣಿ’ ಇರುವಾಗ ಬೇರೆ ಯಾಕೆ?

ಡೈವೆಸ್ಟ್‌ಮೆಂಟ್‌ಗೆ ಲೇಖಕರು ಬಳಸಿದ ‘ಹೂಡಿಕೆ ಹಿಂತೆಗೆತ’ಕ್ಕೂ ಎಚ್ಚರ ಬೇಕು. ನಮ್ಮ ಪತ್ರಿಕೆಗಳಲ್ಲಿ ಬಂಡವಾಳ ಹಿಂತೆಗೆತ ಅಂದರೆ ಸರ್ಕಾರ ತನ್ನ ಕಂಪನಿಯ ಷೇರು ಮಾರುವುದು. ಇಲ್ಲಿ ಅದು ವಿಶ್ವವಿದ್ಯಾಲಯ ತನ್ನ ದತ್ತಿನಿಧಿಯ ದುಡ್ಡನ್ನು ಕೆಲವು ಕಂಪನಿಗಳಿಂದ ತೆಗೆಯುವುದು. ದತ್ತಿನಿಧಿ ಅನ್ನುವ ಪದ ಸೇರಿಸಿದರೆ ಸಾಕು.

ಹೆಚ್ಚು ತಲೆ ಕೆಡಿಸಿದ್ದು ‘ಇಂತಿಫಾದಾ’. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಕೊಡವಿಕೊಳ್ಳುವುದು, ಧೂಳು ಕೊಡವಿಕೊಂಡು ಏಳುವುದು. ಇಸ್ರೇಲ್ ವಿರುದ್ಧ ಪ್ಯಾಲೆಸ್ಟೀನಿಯರು ಎದ್ದ ಎರಡು ಹೋರಾಟಗಳಿಗೆ ಈ ಹೆಸರಿದೆ. 1987ರಲ್ಲಿ ಶುರುವಾದ ಮೊದಲನೆಯದರಲ್ಲಿ ಕಲ್ಲು ತೂರಾಟ, ಮುಷ್ಕರ ಜಾಸ್ತಿ. 2000ದಲ್ಲಿ ಶುರುವಾದ ಎರಡನೆಯದರಲ್ಲಿ ಬಸ್ಸು, ಕೆಫೆಗಳಲ್ಲಿ ಆತ್ಮಾಹುತಿ ಬಾಂಬುಗಳು. ಕ್ಯಾಂಪಸ್ಸಿನಲ್ಲಿ ಆ ಪದ ಕೂಗುವವರು ಕೊಡವಿಕೊಂಡು ಏಳಿ ಅನ್ನುತ್ತೇವೆ ಅನ್ನುತ್ತಾರೆ. ಕೇಳಿಸಿಕೊಳ್ಳುವ ಯೆಹೂದಿ ಹುಡುಗಿಗೆ ನೆನಪಾಗುವುದು ಬಸ್ಸು. ಕನ್ನಡದಲ್ಲಿ ‘ಬಂಡಾಯ’ ಅಂದರೆ ಬಂಡಾಯ ಸಾಹಿತ್ಯದ ಮರ್ಯಾದೆ ಅದಕ್ಕೆ ಅಂಟಿಕೊಳ್ಳುತ್ತದೆ. ‘ದಂಗೆ’ ಅಂದರೆ ಸಿಪಾಯಿ ದಂಗೆಯ ಹಾಗೆ ಆಳುವವರ ಮಾತಾಗುತ್ತದೆ. ಇಂತಿಫಾದಾ ಅಂತಲೇ ಬಿಟ್ಟು, ಮೊದಲ ಸಲ ಬಂದಾಗ ಎರಡು ಸಾಲು ವಿವರಣೆ ಕೊಡುವುದು ಒಳ್ಳೆಯದು ಅಂತ ನನಗನ್ನಿಸಿದೆ.

ಇದೇ ಪದ 2023ರ ಡಿಸೆಂಬರ್ 5ರ ವಿಚಾರಣೆಯಲ್ಲೂ ಬಂತು. ಹಾರ್ವರ್ಡ್‌ನ ಕ್ಲಾಡೀನ್ ಗೇ, ಪೆನ್ಸಿಲ್ವೇನಿಯಾದ ಲಿಜ್ ಮಗಿಲ್, ಎಂಐಟಿಯ ಸ್ಯಾಲಿ ಕಾರ್ನ್‌ಬ್ಲೂತ್ ಈ ಮೂವರು ಆಗಿನ ಮುಖ್ಯಸ್ಥೆಯರೂ ಕೆಳಮನೆಯ ಸಮಿತಿಯ ಮುಂದೆ ಕೂತಿದ್ದರು. ಯೆಹೂದಿಗಳ ನರಮೇಧಕ್ಕೆ ಕರೆ ಕೊಟ್ಟರೆ ಅದು ನಿಮ್ಮ ನಿಯಮದ ಉಲ್ಲಂಘನೆಯೋ ಅಲ್ಲವೋ, ಹೌದು ಅಥವಾ ಇಲ್ಲ ಅನ್ನಿ ಅಂತ ಕೆಳಮನೆಯ ಸದಸ್ಯೆ ಎಲಿಸ್ ಸ್ಟೆಫಾನಿಕ್ ಕೇಳಿದರು. ಅದು ಸಂದರ್ಭದ ಮೇಲೆ ಹೋಗುತ್ತದೆ ಅನ್ನುವ ಅರ್ಥದ ಉತ್ತರ ಬಂತು. ನಾಲ್ಕು ದಿನದಲ್ಲಿ ಮಗಿಲ್ ರಾಜೀನಾಮೆ ಕೊಟ್ಟರು. ಕೃತಿಚೌರ್ಯದ ಆರೋಪವೂ ಸೇರಿಕೊಂಡು 2024ರ ಜನವರಿ 2ಕ್ಕೆ ಗೇ ಕೂಡ ಕುರ್ಚಿ ಬಿಟ್ಟರು.

ಲೇಖಕರು ಆ ಉತ್ತರವನ್ನು ‘ಸಂದರ್ಭಕ್ಕೆ ತಕ್ಕಂತೆ’ ಅಂತ ಬರೆದಿದ್ದಾರೆ. ಕನ್ನಡದಲ್ಲಿ ಸಂದರ್ಭಕ್ಕೆ ತಕ್ಕಂತೆ ಮಾತಾಡುವವನು ಅಂದರೆ ಗೋಸುಂಬೆ. ಮೂವರೂ ಹೇಳಲು ಹೊರಟದ್ದು ನಮ್ಮ ಕನ್ನಡ ಪ್ರಶ್ನೆಪತ್ರಿಕೆಯ ‘ಸಂದರ್ಭ ಸಹಿತ ವಿವರಿಸಿ’ಯ ಸಂದರ್ಭ: ಯಾರು, ಯಾರಿಗೆ, ಎಲ್ಲಿ, ಯಾವಾಗ ಹೇಳಿದರು. ಇಲ್ಲಿನ ಕಾನೂನು ನೋಡುವುದೂ ಅದನ್ನೇ. ಮೈದಾನದಲ್ಲಿ ಗುಂಪು ಕೂಗಿದರೆ ಅದು ಮಾತು. ಒಬ್ಬಳ ಹಾಸ್ಟೆಲ್ ಬಾಗಿಲ ಮುಂದೆ ದಿನಾ ಕೂಗಿದರೆ ಕಿರುಕುಳ. ವಕೀಲರ ಉತ್ತರವಾಗಿ ಅದು ಸರಿಯೇ. ಆದರೆ ನರಮೇಧದ ಮಾತು ಬಂದಾಗ ಮೊದಲು ‘ಅದು ಹೇಯ’ ಅನ್ನದೆ ಅಂಕದ ಲೆಕ್ಕ ಹಾಕಿದ ಹಾಗೆ ಮಾತಾಡಿದ್ದನ್ನು ಜನ ಕ್ಷಮಿಸಲಿಲ್ಲ. ‘ಅದು ಯಾವ ಸಂದರ್ಭದಲ್ಲಿ ಹೇಳಿದ್ದು ಅನ್ನುವುದರ ಮೇಲೆ ನಿಂತಿದೆ’ ಅಂತ ತಿದ್ದಿದ್ದೇನೆ. ಇದಕ್ಕಿಂತ ಚೊಕ್ಕ ಸಾಲಿದ್ದರೆ ಕೊಡಿ.

ಹಾಂ, ಆ ಮೂವರನ್ನು ಅಧ್ಯಕ್ಷೆ ಅನ್ನಬೇಕೋ ಕುಲಪತಿ ಅನ್ನಬೇಕೋ? ನಮ್ಮಲ್ಲಿ ಕುಲಾಧಿಪತಿ ರಾಜ್ಯಪಾಲರು, ದಿನನಿತ್ಯದ ಯಜಮಾನಿಕೆ ಕುಲಪತಿಗಳದು. ಕೆಲಸ ನೋಡಿದರೆ ಕುಲಪತಿಯೇ ಹತ್ತಿರ. ಆದರೆ ಟ್ರಂಪ್ ಕೂಡ ಇದೇ ಲೇಖನದಲ್ಲಿ ಬರುತ್ತಾರೆ, ಇಬ್ಬರೂ ಅಧ್ಯಕ್ಷರಾದರೆ ಓದುಗ ಕಂಗಾಲು. 2025ರ ಮಾರ್ಚ್‌ನಲ್ಲಿ ‘ಅಧ್ಯಕ್ಷರ’ ಆಡಳಿತ ಕೊಲಂಬಿಯಾದ 40 ಕೋಟಿ ಡಾಲರ್ ಅನುದಾನ ನಿಲ್ಲಿಸಿತು, ಜುಲೈನಲ್ಲಿ ‘ಅಧ್ಯಕ್ಷೆ’ ಸರ್ಕಾರಕ್ಕೆ 20 ಕೋಟಿ ಡಾಲರ್ ಕಟ್ಟಲು ಒಪ್ಪಿದರು ಅಂತ ಬರೆದರೆ ಯಾರು ಯಾರಿಗೆ ಕೊಟ್ಟರು ಅಂತ ತಿಳಿಯುವುದೇ ಕಷ್ಟ. ಕುಲಪತಿ ಅಂತ ಮಾಡಿಬಿಡಲೇ?

ಕೊನೆಯದು, ನನಗೆ ಇನ್ನೂ ಸಿಕ್ಕಿಲ್ಲದ್ದು. ‘ಡಾಕ್ಸಿಂಗ್’, ಅಂದರೆ ಒಬ್ಬರ ಹೆಸರು, ಗುರುತನ್ನು ಬೇಕಂತಲೇ ಬಹಿರಂಗ ಮಾಡುವುದು. 2023ರ ಕೊನೆಯಲ್ಲಿ ಹಾರ್ವರ್ಡ್, ಕೊಲಂಬಿಯಾ ಸುತ್ತ ಪರದೆ ಹೊತ್ತ ಟ್ರಕ್ಕುಗಳು ತಿರುಗಿದವು. ಪರದೆಯ ಮೇಲೆ ವಿದ್ಯಾರ್ಥಿಗಳ ಫೋಟೊ, ಹೆಸರು, ಮೇಲೆ ‘ಆಂಟಿಸೆಮೈಟ್’ ಅನ್ನುವ ಪಟ್ಟ. ‘ಜಾತಕ ಬಯಲು ಮಾಡುವುದು’ ಅನ್ನೋಣ ಅಂದುಕೊಂಡೆ. ಆದರೆ ಜಾತಕ ಬಯಲಾಗುವುದು ಕಳ್ಳನದು, ಮುಚ್ಚಿಟ್ಟದ್ದು ಏನೋ ಇತ್ತು ಅಂತ ಆಗುತ್ತದೆ. ‘ಮಾಹಿತಿ ಸೋರಿಕೆ’ ಅಂದರೆ ಆಧಾರ್ ಸುದ್ದಿ. ಬೇಕಂತಲೇ ಒಬ್ಬರ ಗುರುತನ್ನು ಬೀದಿಗೆ ತಂದು ಜನರನ್ನು ಅವರ ಮೇಲೆ ಬಿಡುವುದಕ್ಕೆ ನಿಮ್ಮ ಕಡೆ ಯಾವುದಾದರೂ ಮಾತಿದೆಯೇ? ಧಾರವಾಡದ ಕಡೆಯವರು, ಮಂಗಳೂರಿನವರು ದಯವಿಟ್ಟು ಹೇಳಿ. ಅಚ್ಚಿಗೆ ಹೋಗಲು ಇನ್ನೂ ಸ್ವಲ್ಪ ಸಮಯವಿದೆ.