ಚಿಮಣಿ ಎಣ್ಣಿ ಇಂಜಿನ್: ಪಾಯಿಂಟ್ ಗ್ಯಾಪ್, ಟೈಮಿಂಗ್ ಹೆಂಗ ಕೂಡಸೂದು?

ವರದಾ ದಂಡಿ, ಹಾವೇರಿ:
ನದಿಯಿಂದ ಮೆಣಸಿನ ಹೊಲಕ್ಕ ನೀರು ಎತ್ತೋ ಹಳೇ ಇಂಜಿನ್. ಒಂದ ಸಿಲಿಂಡರ್, ಫೋರ್ ಸ್ಟ್ರೋಕ್, ಪೆಟ್ರೋಲ್ ಮ್ಯಾಲ ಚಾಲೂ ಆಗಿ ಚಿಮಣಿ ಎಣ್ಣಿ ಮ್ಯಾಲ ಓಡತೈತಿ. ಪಾಯಿಂಟ್ (ತೆರದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಸೋ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟ್ ನಡುವ ಕಿಡಿ ಕಮ್ಮಿ ಮಾಡೋದು), ಕಾಯಿಲ್ ಎಲ್ಲಾ ಫ್ಲೈವೀಲ್ (ಇಂಜಿನ್ನಿನ ಭಾರದ ಗಾಲಿ) ಒಳಗ ಅದಾವು, ಮುಖದಾಗ ಕಿಂಡಿ ಐತಿ. ಹೊಸಾ ಪಾಯಿಂಟ್ ಹಾಕಿದ ಮ್ಯಾಲ ಹಗ್ಗ ಜಗ್ಗಿದ್ರ ಉಲ್ಟಾ ಹೊಡೀತೈತಿ. ಗ್ಯಾಪ್ ಕಮ್ಮಿ ಮಾಡಿದ್ರ ಚಾಲೂ ಆಗತೈತಿ, ಆದ್ರ ಜೋರಿಲ್ಲ, ಸೈಲೆನ್ಸರ್ ಕೆಂಪಾಗತೈತಿ. ದಾರಿ ಕೂಡಿದ್ರ ಬೀಪ್ ಅನ್ನೋ ಮೀಟರ್ ಹಚ್ಚಿದ್ರ ಪಾಯಿಂಟ್ ತೆರೆದಿದ್ರೂ ಬೀಪ್, ಮುಚ್ಚಿದ್ರೂ ಬೀಪ್. ಹೊಸಾ ಪಾಯಿಂಟ್ ಶಾರ್ಟ್ ಆಗೈತೇನ್ರಿ?

ವರ್ಕ್‌ಶಾಪ್, ಹುಬ್ಬಳ್ಳಿ:
ಶಾರ್ಟ್ ಆಗಿಲ್ರಿ ಅಣ್ಣಾರ. ಕಾಯಿಲ್‌ನ ದಪ್ಪ ತಂತಿ ಸುತ್ತಿನ ಒಂದು ತುದಿ ಬಾಡಿಗೆ, ಇನ್ನೊಂದು ಪಾಯಿಂಟಿಗೆ ಕೂಡಿರತೈತಿ. ಅದರ ರೆಸಿಸ್ಟೆನ್ಸ್ 1 ಓಮ್ ಆಸುಪಾಸು. ಹಿಂಗಾಗಿ ಪಾಯಿಂಟ್ ತೆರೆದಾಗೂ ಮೀಟರ್ ಕಾಯಿಲ್ ಒಳಗಿಂದ ದಾರಿ ಹಿಡದು ಬೀಪ್ ಅಂತೈತಿ. ಪಾಯಿಂಟ್ ಸ್ಕ್ರೂದಿಂದ ಕಾಯಿಲ್ ವೈರು, ಕಂಡೆನ್ಸರ್ ವೈರು ಎರಡೂ ಬಿಚ್ಚಿ ಹಚ್ರಿ. ತೆರೆಯೋ ಕ್ಷಣಕ್ಕ ಬೀಪ್ ನಿಲ್ಲತೈತಿ.

ಉಲ್ಟಾ ಹೊಡಿಯೋದು ಟೈಮಿಂಗ್ (ಕಿಡಿ ಬರೋ ಹೊತ್ತು) ಮುಂದ ಹೋಗಿದ್ದಕ್ಕ. ಗ್ಯಾಪ್ ಹೆಚ್ಚಿದ್ರ ಪಾಯಿಂಟ್ ಲಗೂನ ತೆರೀತಾವು, ಕಿಡಿನೂ ಲಗೂ ಬರತೈತಿ. ನೀವು ಕಮ್ಮಿ ಮಾಡಿದ್ರಿ, ತಡಾ ಆತು, ಬೆಂಕಿ ಸೈಲೆನ್ಸರ್‌ನ್ಯಾಗ ಉರಿಯಾಕ ಹತ್ತಿತು. ಗ್ಯಾಪ್‌ನಿಂದ ಟೈಮಿಂಗ್ ಕೂಡಸಬ್ಯಾಡ್ರಿ. ಗ್ಯಾಪ್ ಮದ್ಲ ಸರಿ ಮಾಡಿ, ಆಮ್ಯಾಲ ಅದನ್ನ ಮುಟ್ಟದಂಗ, ಪಾಯಿಂಟ್ ಕೂತ ಪ್ಲೇಟ್ ತಿರುಗಿಸಿ ಟೈಮಿಂಗ್ ಹಿಡೀರಿ.

ಇಂಜಿನ್ ಪುಸ್ತಕ ಇದ್ರ ಅದರಾಗಿನ ಗ್ಯಾಪ್, ಇಲ್ಲಂದ್ರ 0.4 ಮಿ.ಮೀ. ಇಂದ ಶುರು ಮಾಡ್ರಿ, ಫೀಲರ್ ಗೇಜಿನ (ಸಂದಿ ಅಳಿಯೋ ತೆಳು ಪಟ್ಟಿಗಳ ಕಟ್ಟು) 16 ಥೌ (ಇಂಚಿನ ಸಾವಿರದಾಗ 16 ಪಾಲು) ಪಟ್ಟಿ. ಪಾಯಿಂಟ್ ಪೂರಾ ತೆರೆದಲ್ಲೆ ಫ್ಲೈವೀಲ್ ನಿಲ್ಲಿಸಿ, ಪಟ್ಟಿ ಚೂರ ತಡದು ಜಾರೂ ಹಂಗ ಕೂಡಸ್ರಿ. ಸ್ಕ್ರೂ ಬಿಗಿ ಮಾಡೂವಾಗ ಗ್ಯಾಪ್ ಸರಿದು ಬಿಡತೈತಿ, ಬಿಗಿ ಮಾಡಿದ ಮ್ಯಾಲ ಮತ್ತ ಅಳೀರಿ. ಕಡೀಕ ಪೆಟ್ರೋಲ್‌ನ್ಯಾಗ ಅದ್ದಿದ ದಪ್ಪ ಹಾಳಿ ಪಾಯಿಂಟ್ ನಡುವ ಎಳದು, ಮತ್ತ ಒಣಾ ಹಾಳಿ ಎಳೀರಿ. ಗೇಜಿನ ಪಟ್ಟಿಗೆ ಹತ್ತಿದ ಎಣ್ಣಿ ಉಳದ್ರ ಅದ ಸುಟ್ಟು ಕರ್ರಗಾಗಿ ಕರೆಂಟ್ ತಡೀತೈತಿ.

ಇಂಜಿನ್ ರಿಪೇರಿ, ಗದಗ:
ಮ್ಯಾಲಿನವರು ಹೇಳಿದ್ದು ಖರೇ. ಟೈಮಿಂಗಿಗೆ ಮದ್ಲ ಫ್ಲೈವೀಲ್ ಗುರುತು ನಂಬಬಹುದೋ ಇಲ್ಲೋ ನೋಡ್ರಿ. ಪ್ಲಗ್ ತಗದು ಸೈಕಲ್ ಕಡ್ಡಿ ಇಳಿಬಿಡ್ರಿ. (ಸೈಡ್ ವಾಲ್ವ್, ಅಂದ್ರ ವಾಲ್ವ್ ಸಿಲಿಂಡರ್ ಬಾಜೂಕ ಇರೋ ಇಂಜಿನ್ನಿಗೆ ಪ್ಲಗ್ ತೂತು ಪಿಸ್ಟನ್ ಮ್ಯಾಲ ಇರದಿದ್ರ ಹೆಡ್ ಬಿಚ್ಚಬೇಕಾಗತೈತಿ.) ಪಿಸ್ಟನ್ ತುದಿಗೆ ಬಂದಾಗ ಫ್ಲೈವೀಲ್ ನಾಕೈದು ಡಿಗ್ರಿ ತಿರುಗಿದ್ರೂ ಕಡ್ಡಿ ಅಲಗಾಡಂಗಿಲ್ಲ, ಅದಕ್ಕ ಕಣ್ಣಂದಾಜು ನಡೆಯಂಗಿಲ್ಲ. ಕಡ್ಡಿಗೆ ಒಂದು ಗೆರಿ ಹಾಕ್ರಿ. ಪಿಸ್ಟನ್ ಏರೂವಾಗ ಆ ಗೆರಿ ತೂತಿನ ಅಂಚಿಗೆ ಬಂದಲ್ಲೆ ಮುಳ್ಳಿನ (ಇಂಜಿನ್ ಬಾಡಿ ಮ್ಯಾಲಿನ ಅಲಗದ ಸೂಚಿ) ಎದುರಿಗೆ ಫ್ಲೈವೀಲ್ ಮ್ಯಾಲ ಒಂದು ಗುರುತು, ಇಳಿಯೂವಾಗ ಅದ ಗೆರಿ ಅಲ್ಲೇ ಬಂದಾಗ ಇನ್ನೊಂದು. ಎರಡರ ನಟ್ಟನಡುವಿನ ಜಾಗಾನ ಖರೇ ತುದಿ.

ಡಿಗ್ರಿ ಅಳಿಯಾಕ ಫ್ಲೈವೀಲ್ ಸುತ್ತಲೂ ಟೇಪ್ ಹಿಡೀರಿ. ಸುತ್ತಳತಿ 720 ಮಿ.ಮೀ. ಇದ್ರ 1 ಡಿಗ್ರಿಗೆ 2 ಮಿ.ಮೀ., 20 ಡಿಗ್ರಿಗೆ 40 ಮಿ.ಮೀ. ಕಿಡಿ ಬರಬೇಕಾದ ಡಿಗ್ರಿಗೆ ಹಿಂಗ ಅಳದು ಹಾಕಿದ ಗುರುತು ತುದಿ ಗುರುತಿಗಿಂತ ಮದ್ಲ ಮುಳ್ಳಿಗೆ ಬರಬೇಕು. ಅದು ಮುಳ್ಳಿಗೆ ಬಂದ ಕ್ಷಣಕ್ಕ ಬೀಪ್ ನಿಲ್ಲಬೇಕು. ಪ್ಲೇಟನ್ನ ಇಂಜಿನ್ ತಿರುಗೋ ದಿಕ್ಕಿಗೆ ಸರಿಸಿದ್ರ ಟೈಮಿಂಗ್ ತಡಾ, ಎದುರು ದಿಕ್ಕಿಗೆ ಸರಿಸಿದ್ರ ಮುಂದ. ಚಿಮಣಿ ಎಣ್ಣಿಗೆ ಹೆಚ್ಚು ಮುಂದ ಇಡಬ್ಯಾಡ್ರಿ, ಲೋಡ್ ಬಿದ್ದಾಗ ಟಕಟಕ ಬಡದು ಪಿಸ್ಟನ್ ಹಾಳಾಗತೈತಿ.

ಪ್ಲಗ್ ವೈರು ಗಾಳ್ಯಾಗ ಬಿಟ್ಟು ಇಂಜಿನ್ ತಿರುಗಿಸಬ್ಯಾಡ್ರಿ. ಕರೆಂಟಿಗೆ ಹೊರಗ ದಾರಿ ಸಿಗದಿದ್ರ, ಅದು ಕಾಯಿಲ್ ಒಳಗ ಹಾದು ಇನ್ಸುಲೇಷನ್ ತೂತು ಬೀಳತೈತಿ.

ವರದಾ ದಂಡಿ, ಹಾವೇರಿ:
ಗ್ಯಾಪ್ 0.4 ಕೂಡಸಿದೆ, ವೈರು ಬಿಚ್ಚಿದ ಮ್ಯಾಲ ಮೀಟರ್ ಸರಿ ತೋರಸ್ತು. ಕಡ್ಡಿ ಹಾಕಿ ನೋಡಿದ್ರ ಕಂಪನಿ ಗುರುತು ಖರೇ ತುದಿಗಿಂತ 14 ಮಿ.ಮೀ. ಸರದೈತಿ. ಪಾಯಿಂಟ್ ತೆರಿಯೋ ಕ್ಯಾಮ್ ಫ್ಲೈವೀಲ್ ಬಾಸ್‌ನ್ಯಾಗ (ನಡುವಿನ ದಪ್ಪ ಭಾಗ) ಐತಿ.

ಇಂಜಿನ್ ರಿಪೇರಿ, ಗದಗ:
ಹಂಗಾರ ಕೀ (ಫ್ಲೈವೀಲ್, ಶಾಫ್ಟ್ ನಡುವಿನ ಸಣ್ಣ ಲೋಹದ ತುಂಡು) ಅರ್ಧ ಕತ್ತರಿಸೈತಿ. ಉಲ್ಟಾ ಹೊಡದಾಗ ಫ್ಲೈವೀಲ್ ಶಾಫ್ಟ್ ಮ್ಯಾಲ ಜಾರೈತಿ, ಕ್ಯಾಮೂ ಅದರ ಜೋಡಿ ಸರದೈತಿ. ಫ್ಲೈವೀಲ್ ಪುಲ್ಲರ್ ಹಾಕೇ ತಗೀರಿ, ಸುತ್ತಿಗಿ ಬಡದ್ರ ಅಯಸ್ಕಾಂತದ ಜೋರು ಹೋಗತೈತಿ. ಟೇಪರ್ (ಶಾಫ್ಟ್, ಫ್ಲೈವೀಲ್ ಒಂದರಾಗೊಂದು ಕೂಡೋ ಇಳಿಜಾರ ಮೈ) ಎರಡೂ ಕಡೆ ಪೆಟ್ರೋಲ್ ಅರಿವಿಲೆ ಒರಸ್ರಿ, ಗ್ರೀಸ್ ಹಚ್ಚಬ್ಯಾಡ್ರಿ. ಹಿಡದು ನಿಲ್ಲೂದು ಟೇಪರ್, ಕೀ ಬರೇ ಜಾಗಾ ತೋರಸೂದು. ಹೊಸಾ ಕೀ ಹಾಕಿ ನಟ್ ಪೂರಾ ಬಿಗಿ ಮಾಡಿ, ಟೈಮಿಂಗ್ ಮತ್ತೊಮ್ಮೆ ಮದ್ಲಿಂದ ನೋಡ್ರಿ.

ವರ್ಕ್‌ಶಾಪ್, ಹುಬ್ಬಳ್ಳಿ:
ಚಾಲೂ ಆದ ಮ್ಯಾಲ ಕತ್ತಲಾಗ ಕಿಂಡಿಯಿಂದ ನೋಡ್ರಿ. ಪಾಯಿಂಟ್ ನಡುವ ಸಣ್ಣ ನೀಲಿ ಕಿಡಿ ಇದ್ರ ಚಿಂತಿ ಇಲ್ಲ. ದೊಡ್ಡ ಹಳದಿ ಕಿಡಿ ಹಾರತಿದ್ರ ಕಂಡೆನ್ಸರ್ ಬದಲಿಸ್ರಿ, ಇಲ್ಲಂದ್ರ ಹೊಸಾ ಪಾಯಿಂಟೂ ಕೆಲವ ದಿನಕ್ಕ ಒಂದು ಕಡೆ ಕುಳಿ, ಇನ್ನೊಂದು ಕಡೆ ಗುಡ್ಡಿ ಆಗತಾವು.