ಮಾವನವರಿಗೆ ಹೊಲ ನೋಡ್ಬೇಕು, ಅತ್ತೆಗೆ ನೀರು ನೋಡ್ಬೇಕು: ಕೆನಡಾದ ಬ್ರಾಂಪ್ಟನ್‌ನಿಂದ ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಶುಂಠಿ_ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಮಾವ ಮೇ ತಿಂಗಳಲ್ಲಿ ತಿಪಟೂರಿನಿಂದ ಬಂದಿದ್ದಾರೆ. ನಯಾಗರಾ ಎರಡು ಸಲ ಆಯ್ತು, ಸಿಎನ್ ಟವರ್ ಆಯ್ತು, ಸುತ್ತಮುತ್ತಲ ದೇವಸ್ಥಾನಗಳೂ ಆದವು. ಈಗ ಮಾವನವರು ದಿನಾ ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಎದುರು ಮನೆಯವರು ಹುಲ್ಲು ಕತ್ತರಿಸೋದನ್ನ ನೋಡ್ತಾ ಕೂರ್ತಾರೆ. ಮೊನ್ನೆ ಕೇಳಿದ್ರು: "ಅಲ್ಲಮ್ಮಾ, ಇಷ್ಟೊಂದು ಹುಲ್ಲು ಬೆಳೀತಾರೆ, ಒಬ್ಬರ ಮನೇಲೂ ಒಂದು ಹಸ ಇಲ್ಲ. ಈ ದೇಶದಲ್ಲಿ ಬೇಸಾಯ ಮಾಡೋರೇ ಇಲ್ವೇನು?" ಊರಲ್ಲಿ ಅವರದ್ದು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ.

ಅತ್ತೆಗೆ ನೀರಿನ ಪಕ್ಕ ಸುಮ್ನೆ ಕೂತರೆ ಸಾಕು. ಮಂಡಿ ನೋವಿದೆ, ಜಾಸ್ತಿ ಮೆಟ್ಟಿಲು ಆಗಲ್ಲ. ಮಗಳಿಗೆ ಮೂರು ವರ್ಷ. ಜುಲೈ ಕೊನೇ ವಾರ ಎರಡು ದಿನ ಬಿಡುವಿದೆ. ಎಲ್ಲರೂ ಸಸ್ಯಾಹಾರಿಗಳು. ಆಫೀಸಿನಲ್ಲಿ ಯಾರೋ ಗೋಡೆರಿಚ್ ಅನ್ನೋ ಊರಿನ ಹೆಸರು ಹೇಳಿದರು. ಹೋಗಿಬಂದವರು ಇದ್ರೆ ಹೇಳಿ. ಅಷ್ಟು ದೂರ ಹೋಗಿದ್ದಕ್ಕೆ ಏನಾದ್ರೂ ಸಿಗತ್ತಾ?

ಕೊಬ್ಬರಿ_ಕೆಂಚ

ಮೇಡಂ, ಮೊದಲು ಹೆಸರು ಸರಿ ಮಾಡ್ಕೊಳ್ಳಿ. ಬರೆಯೋದು ಹೇಗಾದರೂ ಇರಲಿ, ಅಲ್ಲಿನವರು ಕರೆಯೋದು "ಗಾಡ್‌ರಿಚ್". ನಾನೂ ಮೊದಲ ಸಲ ಪೆಟ್ರೋಲ್ ಬಂಕಿನಲ್ಲಿ ಗೋಡೆರಿಚ್ ಅಂದು ಆ ಹುಡುಗಿ ಮುಖ ನೋಡಿ ನಾಚ್ಕೊಂಡವನೇ.

ಕಣ್ಣು ಮುಚ್ಕೊಂಡು ಹೋಗಿ. ನಾನು ಕಿಚನರ್‌ನಲ್ಲಿರೋದು, ಊರು ಅರಸೀಕೆರೆ ಕಡೆ. ಎರಡು ವರ್ಷದ ಹಿಂದೆ ನಮ್ಮಪ್ಪನೂ ನಿಮ್ಮ ಮಾವನ ಹಾಗೇ ಕಿಟಕಿ ಕಾಯ್ತಾ ಕೂತಿದ್ರು. ನನ್ನದು ಒಂದೇ ಮಾತು: ಹೋಗ್ತಾ ಕಾರು ನಿಲ್ಲಿಸಿ. ಊರಿಗೆ ಬೇಗ ಮುಟ್ಟೋ ಆಸೆ ಬಿಟ್ಟುಬಿಡಿ.

ಕಿಚನರ್ ದಾಟಿ ಸ್ಟ್ರಾಟ್‌ಫರ್ಡ್, ಮಿಚೆಲ್, ಸೀಫೋರ್ತ್, ಕ್ಲಿಂಟನ್. ಆ ಹೈವೇ 8 ಮುಗಿಯೋದೇ ಗಾಡ್‌ರಿಚ್‌ನಲ್ಲಿ. ಬ್ರಾಂಪ್ಟನ್‌ನಿಂದ ನಿಲ್ಲದೆ ಹೋದರೆ ಎರಡೂವರೆ ಗಂಟೆ. ನಮಗೆ ಆರು ಗಂಟೆ ಹಿಡೀತು. ಸ್ಟ್ರಾಟ್‌ಫರ್ಡ್ ಆದಮೇಲೆ ಅಪ್ಪನ ಬೆನ್ನು ಸೀಟಿಗೆ ತಾಗಲೇ ಇಲ್ಲ. ಎರಡೂ ಕಡೆ ಜೋಳ, ಸೋಯಾ, ಹಣ್ಣಾಗಿ ನಿಂತ ಗೋಧಿ. ನಡುನಡುವೆ ಹಂದಿ ಸಾಕೋ ಉದ್ದನೆ ಶೆಡ್ಡುಗಳು. ನನ್ನ ಹೆಂಡತಿ ಗಾಜು ಏರಿಸಿದಳು, ಅಪ್ಪ ಇಳಿಸಿದರು. "ಗೊಬ್ಬರದ ವಾಸ್ನೆ ಕಣಮ್ಮ, ಅದಕ್ಕೇನಂತೆ" ಅಂದ್ರು. ಕೆನಡಾಕ್ಕೆ ಬಂದಮೇಲೆ ಆವತ್ತೇ ಅವರು ಮೂಗು ತುಂಬ ಉಸಿರು ತಗೊಂಡಿದ್ದು ಅನಿಸುತ್ತೆ.

ಸೀಫೋರ್ತ್ ದಾಟಿ ಒಳರಸ್ತೆಗೆ ತಿರುಗಿದ್ವಿ. ಆ ಕಡೆ ರಸ್ತೆಗಳೆಲ್ಲ ಚೌಕಾಬಾರದ ಮನೆ ಹಾಕಿದ ಹಾಗೆ ನೆಟ್ಟಗೆ ಇರ್ತವೆ, ದಾರಿ ತಪ್ಪೋ ಭಯ ಇಲ್ಲ. ಗೋಧಿ ಕೊಯ್ದ ಒಂದು ಹೊಲದ ಬದುವಿನಲ್ಲಿ ಆಳೆತ್ತರದ ಕಪ್ಪು ಪೈಪಿನ ಸುರುಳಿಗಳು ಬಿದ್ದಿದ್ದವು. ಅಪ್ಪ "ನಿಲ್ಸು ನಿಲ್ಸು, ಡ್ರಿಪ್ಪು" ಅಂದ್ರು. ಇಳಿದು ಹೋಗಿ ಪೈಪನ್ನ ಬೆರಳಲ್ಲಿ ಸವರಿ ನೋಡಿದರು. ಕೈ ಮುಷ್ಟಿ ದಪ್ಪ, ಸುತ್ತಲೂ ಸಣ್ಣ ಸಣ್ಣ ಸೀಳು. "ಡ್ರಿಪ್ ಪೈಪು ಇಷ್ಟು ದಪ್ಪ ಇರಲ್ಲ ಕಣೋ, ಇಷ್ಟೊಂದು ತೂತಿದ್ರೆ ಕೊನೇ ತನಕ ನೀರು ಹೋಗ್ತದಾ?" ಅಂತ ಅನುಮಾನ ಶುರುವಾಯ್ತು. ಅಷ್ಟರಲ್ಲಿ ಪಿಕಪ್ಪಿನಲ್ಲಿ ಹೊಲದವನೇ ಬಂದ. ಬೈತಾನೇನೋ ಅಂದುಕೊಂಡರೆ ಇಂಜಿನ್ ಆಫ್ ಮಾಡಿ ಮಾತಿಗೇ ನಿಂತ. ನಾನು ನಡುವೆ ದುಭಾಷಿ.

ಅದು ನೀರು ಕೊಡೋ ಪೈಪಲ್ಲ, ನೀರು ಹೊರಗೆ ಹಾಕೋ ಪೈಪು. ಅಲ್ಲಿ ಜೇಡಿಮಣ್ಣು. ಏಪ್ರಿಲ್‌ನಲ್ಲಿ ಹಿಮ ಕರಗಿದ ನೀರು ಬೇಗ ಇಂಗಲ್ಲ, ಕೆಸರಲ್ಲಿ ಟ್ರಾಕ್ಟರ್ ಇಳಿಸೋಕಾಗಲ್ಲ, ಬಿತ್ತನೆ ತಡ ಆದ್ರೆ ಬೆಳೆ ಹಣ್ಣಾಗೋ ಮೊದಲೇ ಚಳಿ ಬಂದುಬಿಡತ್ತೆ. ಅದಕ್ಕೆ ಎರಡೂವರೆ ಮೂರಡಿ ಆಳದಲ್ಲಿ ಹೊಲದುದ್ದಕ್ಕೂ ಈ ಪೈಪು ಸಾಲಾಗಿ ಹೂತಿಡ್ತಾರೆ. ಭೂಮಿಯೊಳಗಿನ ಹೆಚ್ಚಿನ ನೀರು ಅದರೊಳಗೆ ಬಸಿದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಸರೋವರಕ್ಕೆ ಹೋಗುತ್ತೆ. (ಅದರ ಜತೆ ಗೊಬ್ಬರದ ಸಾರವೂ ಹೋಗಿ ಸರೋವರ ಕೆಡಿಸುತ್ತೆ ಅನ್ನೋ ತಕರಾರು ಬೇರೆ ಇದೆ, ಆ ಪುರಾಣ ಇಲ್ಲಿ ಬೇಡ.)

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸಿದೆ. ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ನಮ್ಮ ತೋಟದಲ್ಲಿ ಐದು ಬೋರು, ಕೊನೇದು ಸಾವಿರದ ನೂರು ಅಡಿ, ಬರೀ ಧೂಳು. "ದುಡ್ಡು ಕೊಟ್ಟು ನೀರು ಆಚೆಗೆ ಹಾಕ್ತಾರೇನೋ ಇವರು?" ಅಂದ್ರು. ಆಮೇಲೆ, "ಅವನಿಗೆ ನಮ್ಮ ಬೋರಿನ ವಿಷಯ ಹೇಳು" ಅಂದ್ರು. ಹೇಳಿದೆ. ಆ ಮನುಷ್ಯ ಟೋಪಿ ತೆಗೆದು ತಲೆ ಕೆರೆದುಕೊಂಡ. ಸಾವಿರದ ನೂರು ಅನ್ನೋದನ್ನ ಎರಡು ಸಲ ಹೇಳಿಸಿಕೊಂಡ.

ಇನ್ನು ಊರು. ಊರ ನಡುವೆ ಎಂಟು ಮೂಲೆಯ ಚೌಕ, ಅದರ ಮಧ್ಯೆ ಕೋರ್ಟು, ಅಲ್ಲಿಂದ ಎಂಟು ದಿಕ್ಕಿಗೆ ಎಂಟು ರಸ್ತೆ. ಅಷ್ಟದಿಕ್ಕೂ ಒಂದೇ ಥರ ಕಂಡು, ನಮ್ಮ ರಸ್ತೆ ಯಾವುದು ಅಂತ ಗೊತ್ತಾಗದೆ ಕೋರ್ಟಿಗೆ ಮೂರು ಪ್ರದಕ್ಷಿಣೆ ಹಾಕಿದೆ. ಎರಡನೇ ಸುತ್ತಿಗೆ ಅಮ್ಮ ನಿಜವಾಗಲೂ ಕೈ ಮುಗಿದರು, ಒಳಗಿರೋದು ಯಾವ ದೇವರೋ ಅಂತ. 1827ರಲ್ಲಿ ಕಟ್ಟೋಕೆ ಶುರು ಮಾಡಿದ ಊರು, ಆದ್ರೆ ಚೌಕದ ಮರಗಳೆಲ್ಲ ಎಳೆಯವು. ಅಪ್ಪ ತಕ್ಷಣ ಕೇಳಿದ್ರು, ಕಟ್ಟಡ ಹಳೇದು, ಮರ ಯಾಕೆ ಹೊಸದು ಅಂತ. 2011ರ ಆಗಸ್ಟ್ 21ರಂದು ಸುಂಟರಗಾಳಿ ಬಂದು ಹಳೇ ಮರಗಳನ್ನೆಲ್ಲ ಕೆಡವಿ ಹಾಕಿತ್ತು, ಒಬ್ಬರು ತೀರಿಕೊಂಡರು. ಅಲ್ಲೇ ಅಂಗಡಿಯಲ್ಲಿ ಕೇಳಿ ತಿಳ್ಕೊಂಡಿದ್ದು. ಇಲ್ಲಾಂದ್ರೆ ನನ್ನ ಕಣ್ಣಿಗೆ ಅದು ಬೀಳ್ತಾನೇ ಇರಲಿಲ್ಲ.

ಊರು ಇರೋದು ಹ್ಯೂರಾನ್ ಸರೋವರದ ದಡದಲ್ಲಿ. ಆ ಸರೋವರದ ಬಗ್ಗೆ ಏನು ಹೇಳೋದು! ಹತ್ತಿರ ಹತ್ತಿರ 60 ಸಾವಿರ ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕದ ಮೂರನೇ ಒಂದು ಪಾಲಿನಷ್ಟು. ಆಚೆ ದಡ ಅಮೆರಿಕದ ಮಿಶಿಗನ್, ಕಾಣಲ್ಲ. ಅಪ್ಪ ಅದನ್ನ ಸಮುದ್ರ ಅಂತಲೇ ತೀರ್ಮಾನ ಮಾಡಿದ್ರು. ಬೊಗಸೆಯಲ್ಲಿ ತಗೊಂಡು ನಾಲಿಗೆಗೆ ಮುಟ್ಟಿಸಿ, ಉಗಿದು, ಮತ್ತೆ ಮುಟ್ಟಿಸಿದರು. "ಸಪ್ಪೆ!" ಅಂದ್ರು. ಬಂದರಿನ ಕಡೆ ಬೆಟ್ಟದಂಥ ಕಟ್ಟಡ ತೋರಿಸಿ ಅದೇನು ಅಂತ ಕೇಳಿದಾಗ ನಿಜ ಹೇಳಿದೆ: ಅದು ಉಪ್ಪಿನ ಗಣಿ. ಇದೇ ಸಿಹಿನೀರಿನ ಕೆಳಗೆ ಸುಮಾರು 1,750 ಅಡಿ ಆಳದಲ್ಲಿ ಉಪ್ಪು ಅಗೀತಾರೆ. ಅಪ್ಪನ ಮುಖದಲ್ಲಿ, ಮಗ ತಮಾಷೆ ಮಾಡ್ತಿದ್ದಾನೆ ಅನ್ನೋ ನಗು. ರಾತ್ರಿ ಫೋನಿನಲ್ಲಿ ಫೋಟೋ ತೋರಿಸೋ ತನಕ ನಂಬಲಿಲ್ಲ.

ಅಮ್ಮನಿಗೂ ನಿಮ್ಮ ಅತ್ತೆ ಥರ ಮಂಡಿ ನೋವು. ಲೈಟ್‌ಹೌಸ್ ಇರೋದು ಊರಿನ ಮಟ್ಟದಲ್ಲೇ, ದಿಬ್ಬದ ಅಂಚಿನಲ್ಲಿ. ಅಲ್ಲಿ ಅಮ್ಮ ಅಪ್ಪನನ್ನ ಬೆಂಚಿನ ಮೇಲೆ ಕೂರಿಸಿ ನಾನು ಮಗನ ಜತೆ ಕೆಳಗೆ ದಡಕ್ಕೆ ಹೋದೆ. ಗಾಡ್‌ರಿಚ್‌ನಲ್ಲಿ ಒಂದೇ ಸಂಜೆ ಎರಡು ಸಲ ಸೂರ್ಯಾಸ್ತ ನೋಡಬಹುದು ಅಂತ ಊರವರು ಹೇಳ್ತಾರೆ: ದಡದಲ್ಲಿ ಒಮ್ಮೆ ನೋಡಿ, ಓಡಿ ದಿಬ್ಬ ಹತ್ತಿದರೆ ಇನ್ನೊಮ್ಮೆ. ನನ್ನ ಹೊಟ್ಟೆ ಇಟ್ಕೊಂಡು ಓಡೋ ಮಾತೆಲ್ಲಿ! ಫೋನ್ ಹಚ್ಚಿಕೊಂಡೇ ನಿಂತಿದ್ದೆ. ಕೆಂಪು ಚುಕ್ಕೆ ನೀರಿಗೆ ಇಳಿದ ತಕ್ಷಣ "ಮುಳುಗಿದ ಅಮ್ಮಾ" ಅಂದೆ. ಮೇಲಿಂದ ಅಮ್ಮ: "ಇಲ್ಲ ಕಣೋ, ಇನ್ನೂ ಇದಾನೆ. ಉಗುರಿನಷ್ಟು ಇದಾನೆ... ಇದಾನೆ... ಹಾಂ, ಈಗ ಹೋದ." ಒಂದು ನಿಮಿಷವೂ ಇರಲಿಕ್ಕಿಲ್ಲ. ಅಮ್ಮ ಊರಿಗೆ ವಾಪಸ್ ಹೋಗಿ ನಯಾಗರಾ ಬಗ್ಗೆ ಹೇಳ್ತಾರೋ ಇಲ್ವೋ, ಇದನ್ನಂತೂ ಎಲ್ಲರಿಗೂ ಹೇಳ್ತಾರೆ.

ಎರಡು ಎಚ್ಚರಿಕೆ. ಹೈವೇಯಲ್ಲಿ 80 ಇದ್ದಿದ್ದು ಹಳ್ಳಿ ಬಂದ ಕೂಡಲೇ 50 ಆಗುತ್ತೆ, ನನಗೆ ದಂಡ ಬಿದ್ದಿದೆ. ರೂಮು ಬುಕ್ ಮಾಡುವಾಗ ನೆಲಮಹಡಿ ಅಂತ ಫೋನ್ ಮಾಡಿ ಕೇಳಿ. ನಾವು ಇಳಿದ ಕಡೆ ಫೋಟೋದಲ್ಲಿ ಎಲ್ಲ ಚಂದ, ಹೋಗಿ ನೋಡಿದರೆ ಮಹಡಿ ಮೇಲೆ, ಲಿಫ್ಟ್ ಇಲ್ಲ. ಅಮ್ಮ ಕೂತು ಕೂತು ಮೆಟ್ಟಿಲು ಹತ್ತಿದರು.

ಮಿಸ್ಸಿಸಾಗಾ_ಮಂಜ

ಅಷ್ಟು ದೂರ ಯಾಕೆ ಗುರೂ? ಕೋಬರ್ಗ್‌ಗೆ ಹೋಗಿ, ಒಂದೂವರೆ ಗಂಟೆ, ಒಳ್ಳೇ ಮರಳು, ಸಂಜೆಗೆ ಮನೆ.

ಕೊಬ್ಬರಿ_ಕೆಂಚ

ಮಂಜಣ್ಣ, ಬೀಚಿಗೆ ಮಾತ್ರ ಆದ್ರೆ ನಿಮ್ಮ ಮಾತೇ ಸರಿ. ಆದ್ರೆ ಆ ದಾರಿ ಪೂರ್ತಿ ಹೈವೇ 401, ಲಾರಿಗಳ ಬೆನ್ನು ನೋಡ್ಕೊಂಡು ಹೋಗ್ಬೇಕು. ಮಾವನವರು ಹೊಲ ಕೇಳ್ತಿದ್ದಾರೆ.

ಹಿಮದ_ಹೊಳೆ

ನಾನು ಗಾಡ್‌ರಿಚ್‌ನಲ್ಲಿ ಎರಡು ಚಳಿಗಾಲ ಕಳೆದವಳು, ಈಗ ಲಂಡನ್‌ನಲ್ಲಿದ್ದೇನೆ (ಒಂಟಾರಿಯೊದ ಲಂಡನ್, ಅಮ್ಮನಿಗೆ ಇನ್ನೂ ಅರ್ಥವಾಗಿಲ್ಲ). ಕೆಂಚಣ್ಣ ಬಿಟ್ಟಿದ್ದನ್ನ ಸ್ವಲ್ಪ ಸೇರಿಸ್ತೀನಿ.

ಆ ಉಪ್ಪು ಸಿಕ್ಕಿದ್ದೇ ಒಂದು ಕಥೆ. 1866ರಲ್ಲಿ ಪೆಟ್ರೋಲಿಯಂ ಎಣ್ಣೆ ಸಿಗುತ್ತೆ ಅಂತ ಕೊರೆದರು, ಉಪ್ಪು ಸಿಕ್ಕಿತು. 40 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿದ್ದ ಸಮುದ್ರ ಆರಿ ಉಳಿದ ಪದರ ಅದು. ಭೂಮಿಯೊಳಗಿನ ಉಪ್ಪಿನ ಗಣಿಗಳಲ್ಲಿ ಜಗತ್ತಿಗೇ ದೊಡ್ಡದು. ಚಳಿಗಾಲದಲ್ಲಿ ನಾವು ಬೈಕೊಂಡು ಕಾರಿನಿಂದ ತೊಳೀತೀವಲ್ಲ ರಸ್ತೆ ಉಪ್ಪು, ಅದರಲ್ಲಿ ಬೇಕಾದಷ್ಟು ಅಲ್ಲಿಂದಲೇ ಬರೋದು. ಗಣಿಯೊಳಗೆ ನಮ್ಮನ್ನೆಲ್ಲ ಬಿಡಲ್ಲ. ಆದ್ರೆ ಹಡಗು ಬಂದಿದ್ರೆ ಬಂದರಿನ ಹತ್ತಿರ ನಿಂತು ಉಪ್ಪು ತುಂಬೋದನ್ನ ನೋಡಿ, ಮಗುವಿಗೂ ಖುಷಿ.

ಮಗು ನೀರಲ್ಲಿ ಆಡೋದಾದ್ರೆ ರೋಟರಿ ಕೋವ್ ಕಡೆ ಹೋಗಿ. ಮೇನ್ ಬೀಚಿನಲ್ಲಿ ಕಲ್ಲು ಜಾಸ್ತಿ, ಪುಟ್ಟ ಕಾಲಿಗೆ ಚುಚ್ಚುತ್ತೆ. ರೋಟರಿ ಕೋವ್‌ಗೆ ಕಾರು ಕೆಳಗಿನ ತನಕ ಹೋಗುತ್ತೆ, ಮರದ ಹಲಗೆಯ ಕಾಲುದಾರಿ ಸಮತಟ್ಟಾಗಿದೆ, ಅತ್ತೆಯವರಿಗೆ ಕಷ್ಟ ಆಗಲ್ಲ. ಶನಿವಾರ ಹೋದ್ರೆ ಚೌಕದಲ್ಲಿ ರೈತರ ಸಂತೆ.

ಊಟ ಕಟ್ಟಿಕೊಂಡೇ ಹೋಗಿ. ನಮ್ಮದು ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಒಂದು ಡಬ್ಬ ಮೊಸರು. ಆಲೂ ಫ್ರೈಸ್ ಎಲ್ಲೆಡೆ ಸಿಗುತ್ತೆ, ಆದ್ರೆ ಫ್ರೈಸಿಗೆ ಚೀಸ್ ಹಾಕಿ ಕೊಡೋ ಪೂಟಿನ್ ಮೇಲೆ ಸುರಿಯೋ ಗ್ರೇವಿ ಸಾಮಾನ್ಯವಾಗಿ ಮಾಂಸದ್ದು. ಕೇಳದೆ ತಿನ್ನಬೇಡಿ.

ಎರಡನೇ ದಿನ ಉತ್ತರಕ್ಕೆ ಹೋಗೋದಾದ್ರೆ ಲಕ್ನೋ ಸಿಗುತ್ತೆ. ಹೌದು, ನಮ್ಮ ಲಖನೌ ಹೆಸರೇ. 1857ರ ದಂಗೆಯ ನೆನಪಿಗೆ ಬ್ರಿಟಿಷರು ಇಟ್ಟಿದ್ದು, ಮುಖ್ಯ ಬೀದಿಗೆ ಅವರ ಸೇನಾಪತಿ ಕ್ಯಾಂಬೆಲ್ ಹೆಸರು. ಮಾವನವರಿಗೆ ಅದಕ್ಕಿಂತ ಸುತ್ತಮುತ್ತಲಿನ ಆಮಿಶ್ ಅನ್ನೋ ಕ್ರೈಸ್ತ ಪಂಗಡದ ಜನ ಇಷ್ಟ ಆಗ್ತಾರೆ: ಇವತ್ತಿಗೂ ಕುದುರೆ ಗಾಡಿ, ಕುದುರೆ ಬೇಸಾಯ. ಗೇಟಿನಲ್ಲಿ ಮೊಟ್ಟೆ, ತರಕಾರಿ, ಜಾಮ್ ಮಾರಾಟದ ಫಲಕ ಇರುತ್ತೆ, ಭಾನುವಾರ ಮಾರಲ್ಲ. ಮುಖಕ್ಕೆ ಕ್ಯಾಮೆರಾ ಹಿಡೀಬೇಡಿ, ಅವರಿಗೆ ಆಗಲ್ಲ.

ಜನವರಿಯಲ್ಲಿ ಹೋಗೋಣ ಅಂತ ಯಾರಾದ್ರೂ ಯೋಚಿಸ್ತಿದ್ರೆ ಬೇಡ. ಸರೋವರದ ಮೇಲಿಂದ ಹಿಮದ ಗಾಳಿ ಎದ್ದರೆ ಎದುರಿನ ಬಾನೆಟ್ಟೂ ಕಾಣಲ್ಲ, ಹೈವೇ 21 ಮುಚ್ಚಿಬಿಡ್ತಾರೆ. ನಾನು ಮೂರು ದಿನ ಮನೆಯಲ್ಲೇ ಹಿಟ್ಟಿನ ರೊಟ್ಟಿ ತಿಂದಿದ್ದೇನೆ.

ಶುಂಠಿ_ಕಾಫಿ

ಹೋಗಿಬಂದ್ವಿ! ಕೆಂಚಣ್ಣ, ಹೊಳೆ ಅಕ್ಕ, ಇಬ್ಬರಿಗೂ ದೊಡ್ಡ ನಮಸ್ಕಾರ. ಕಪ್ಪು ಪೈಪು ನಮಗೆ ಸಿಗಲಿಲ್ಲ. ಬದಲಿಗೆ ರಸ್ತೆ ಬದಿ ಮೇಜಿನ ಮೇಲೆ ಸಿಹಿಜೋಳ ಇಟ್ಟು, ಪಕ್ಕದಲ್ಲಿ ದುಡ್ಡಿನ ಡಬ್ಬ ಇಟ್ಟಿದ್ರು, ಒಂದು ನರಪಿಳ್ಳೆ ಇಲ್ಲ. ನಾವು ಡಬ್ಬಕ್ಕೆ ದುಡ್ಡು ಹಾಕಿ ಹೊರಟರೆ ಮಾವ ಕಾರು ಹತ್ತಲ್ಲ. "ಯಾರಾದ್ರೂ ಬರಲಿ, ಕೊಟ್ಟಿದೀವಿ ಅಂತ ಬಾಯಲ್ಲಿ ಹೇಳಿ ಹೋಗೋಣ." ಇಪ್ಪತ್ತು ನಿಮಿಷ ನಿಂತಿದ್ದರು. ಕೊನೆಗೆ ಒಂದು ನಾಯಿ ಬಂತು, ಅದಕ್ಕೇ ಹೇಳಿ ಹತ್ತಿದರು. ಅತ್ತೆ ದಿಬ್ಬದ ಮೇಲೆ, ನಮ್ಮೆಜಮಾನ್ರು ಕೆಳಗೆ, ಫೋನ್ ಪ್ರಯೋಗವೂ ಆಯ್ತು. ಮೋಡ ಅಡ್ಡ ಬಂದು ಇಬ್ಬರಿಗೂ ಒಟ್ಟಿಗೇ ಮುಳುಗಿತು.

ಈಗ ಇನ್ನೊಂದು ಪ್ರಶ್ನೆ. ಆ ಜಿಲ್ಲೆಯಲ್ಲಿ ಬಿಳಿ ಬೀನ್ಸ್ ತುಂಬ ಬೆಳೀತಾರಂತಲ್ಲ, ಮಂಡಿಯೆತ್ತರದ ಗಿಡ. ಮಾವ ಒಂದು ಹೊಲದ ಅಂಚಲ್ಲಿ ಕೂತು ಹೂ, ಎಳೇಕಾಯಿ ಎಲ್ಲ ನೋಡಿ "ನಮ್ಮ ಮಣ್ಣಿಗೂ ಬರುತ್ತೆ" ಅಂತಿದಾರೆ. ಅಂಗಡಿಯಿಂದ ಎರಡು ಕೇಜಿ ಕಾಳು ತರಿಸಿದ್ದಾರೆ. ಬಿತ್ತನೆಗೆ ಊರಿಗೆ ತಗೊಂಡು ಹೋಗಬಹುದಾ?

ಕೊಬ್ಬರಿ_ಕೆಂಚ

ಬೇಡ ಮೇಡಂ. ಪರವಾನಗಿ, ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಬಿತ್ತನೆ ಬೀಜ ಇಂಡಿಯಾಕ್ಕೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಕೋತಾರೆ. ಅದೇ ಬಿಳಿ ಕಾಳನ್ನ ಇಂಗ್ಲೆಂಡಿನವರು ಟೊಮ್ಯಾಟೊ ರಸದಲ್ಲಿ ಬೇಯಿಸಿ ಡಬ್ಬಿಗೆ ತುಂಬಿ ಬ್ರೆಡ್ ಜತೆ ತಿಂತಾರೆ. ನೀವು ರಾತ್ರಿ ನೆನೆಹಾಕಿ, ಸಬ್ಸಿಗೆ ಸೊಪ್ಪು ಸೇರಿಸಿ ಹುಳಿ ಮಾಡಿ, ಮುದ್ದೆಗೆ ಒಳ್ಳೇ ಜೋಡಿ. ಹೊರಡೋ ಹಿಂದಿನ ದಿನ ಮಾವನವರ ಚೀಲ ಒಂದ್ಸಲ ನೀವೇ ಬಿಚ್ಚಿ ನೋಡಿ. ನಮ್ಮಪ್ಪನ ಕಾಲುಚೀಲದಲ್ಲಿ ಸಿಕ್ಕಿತ್ತು.