ಪದಚರ್ಚೆ: ‘ಮರುಹೊಂದಿಸು’ ಅಂದರೆ ಎಲ್ಲಿಗೆ?

ಸೀರಿಯಲ್ ಪೋರ್ಟ್, ಅಂದರೆ ಡೇಟಾವನ್ನು ಒಂದೊಂದೇ ಬಿಟ್ಟಾಗಿ ಸಾಗಿಸುವ ಸಂಪರ್ಕ, ಅದರ ಸೆಟ್ಟಿಂಗ್‌ಗಳನ್ನು ನೋಡಿಕೊಳ್ಳುವ ಸಿ ಭಾಷೆಯ ಒಂದು ಲೈಬ್ರರಿಗೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ. ‘ಪೋರ್ಟ್’ ಪೋರ್ಟಾಗಿಯೇ ಇರಲಿ. ಯಂತ್ರಾನುವಾದ ಕೊಟ್ಟ ‘ಸಂವಹನ ಬಂದರು’ ಓದಿದಾಗಿನಿಂದ ಹಡಗುಗಳೇ ಕಣ್ಣಮುಂದೆ ಬರುತ್ತಿವೆ. ನಾನು ಸಿಕ್ಕಿಬಿದ್ದಿರುವುದು ‘ರೀಸೆಟ್’ನಲ್ಲಿ, ಅದಕ್ಕೆ ಸಾಮಾನ್ಯವಾಗಿ ಬಳಸುವ ‘ಮರುಹೊಂದಿಸು’ ಎಂಬುದರಲ್ಲಿ.

ಲೈಬ್ರರಿಯಲ್ಲಿ ಎರಡು ಫಂಕ್ಷನ್‌ಗಳಿವೆ. ಒಂದು, ಬಳಸುವವರು ಏನೂ ಹೇಳದಿದ್ದಾಗಿನ ಆಯ್ಕೆಯೆಂದು ಲೈಬ್ರರಿ ತಾನೇ ಗೊತ್ತುಮಾಡಿಕೊಂಡ ಡೀಫಾಲ್ಟನ್ನು ಪೋರ್ಟಿಗೆ ಹಾಕುತ್ತದೆ: 9600 ಬಾಡ್ (ಇಲ್ಲಿ ಸೆಕೆಂಡಿಗೆ ಅಷ್ಟು ಬಿಟ್), 8 ಡೇಟಾ ಬಿಟ್, ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಇಲ್ಲ, ಅಕ್ಷರದ ಕೊನೆ ಸಾರುವ 1 ಸ್ಟಾಪ್ ಬಿಟ್. ಇನ್ನೊಂದು, ಪೋರ್ಟ್ ತೆರೆದ ಕೂಡಲೇ ಟಿಸಿಗೆಟ್‌ಆಟರ್ (ಸೆಟ್ಟಿಂಗ್ ಓದುವ ಸಿ ಫಂಕ್ಷನ್) ಮೂಲಕ ಓದಿ ಎತ್ತಿಟ್ಟುಕೊಂಡದ್ದನ್ನು ಟಿಸಿಸೆಟ್‌ಆಟರ್ (ಸೆಟ್ಟಿಂಗ್ ಬರೆಯುವ ಫಂಕ್ಷನ್) ಮೂಲಕ ಹಾಗೆಯೇ ವಾಪಸ್ ಬರೆಯುತ್ತದೆ. ಮೊದಲ ಕರಡಿನಲ್ಲಿ ಎರಡಕ್ಕೂ ‘ಮರುಹೊಂದಿಸು’ ಎಂದೇ ಬರೆದಿದ್ದೆ. ಅದನ್ನು ನಂಬಿದ ಸಹೋದ್ಯೋಗಿಯೊಬ್ಬರು 115200 ಬಾಡ್‌ನಲ್ಲಿ ಮಾತಾಡುತ್ತಿದ್ದ ಸರ್ಕ್ಯೂಟ್ ಬೋರ್ಡಿನ ಪೋರ್ಟಿಗೆ ಮೊದಲನೆಯದನ್ನು ಕರೆದು, ಪರದೆ ತುಂಬ ಕಸ ನೋಡಿ, ಕೇಬಲ್ ಬದಲಿಸುತ್ತ ಕೂತರು. ಕೇಬಲ್ ಸರಿಯಾಗಿಯೇ ಇತ್ತು. 9600ರಲ್ಲಿ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೋಸೆಕೆಂಡ್ ಬೇಕು; 115200ರಲ್ಲಿ ಸ್ಟಾರ್ಟ್, ಸ್ಟಾಪ್ ಸೇರಿ ಹತ್ತು ಬಿಟ್ಟಿನ ಇಡೀ ಅಕ್ಷರವೇ 87 ಮೈಕ್ರೋಸೆಕೆಂಡಿನೊಳಗೆ ಮುಗಿಯುತ್ತದೆ. 9600ರ ಪೋರ್ಟ್ ಒಂದು ಬಿಟ್ ಎಣಿಸುವಷ್ಟರಲ್ಲಿ 115200ರ ಬೋರ್ಡ್ ಅಕ್ಷರ ಮುಗಿಸಿ ಮುಂದಿನದಕ್ಕೆ ಕೈ ಹಾಕಿರುತ್ತದೆ. ತಪ್ಪು ನನ್ನ ಪದದ್ದು.

‘ಮರು’ ಹಿಂದಕ್ಕೆ ಕರೆದೊಯ್ಯುವುದಿಲ್ಲ. ಮರುಮುದ್ರಣ ಅಂದರೆ ಇನ್ನೊಮ್ಮೆ, ಮರುದಿನ ಅಂದರೆ ಮುಂದಿನ ದಿನ. ಮರುಮದುವೆಯಾದವರು ಹಳೇ ಸಂಗಾತಿಯನ್ನೇ ಕಟ್ಟಿಕೊಂಡರೆಂದು ಯಾರೂ ತಿಳಿಯುವುದಿಲ್ಲ. ಹೊಸದಾಗಿ ಹೊಂದಿಸು ಎಂಬಷ್ಟೇ ಆ ಪದದಲ್ಲಿದೆ, ಎಲ್ಲಿಗೆ ಎಂಬುದಿಲ್ಲ.

ಇನ್ನು ‘ಡೀಫಾಲ್ಟ್’. ‘ಪೂರ್ವನಿಯೋಜಿತ’ ಎಂದು ಬಳಸುವವರಿದ್ದಾರೆ. ನನಗಂತೂ ಅದರ ಬೆನ್ನಿಗೇ ‘ಕೃತ್ಯ’ ಕೇಳಿಸುತ್ತದೆ, ಯಾರೋ ಸಂಚು ಹೂಡಿದಂತೆ. ‘ಯಥಾಸ್ಥಿತಿ’ ಕೋರ್ಟಿನ ಮಾತು, ಇದ್ದದ್ದನ್ನು ಮುಟ್ಟಬೇಡ ಅನ್ನುತ್ತದೆ. ‘ಮೂಲಸ್ಥಿತಿ’ ಎಂದರೆ ಯಾರ ಮೂಲ, ಲೈಬ್ರರಿಯದೋ ಪೋರ್ಟಿನದೋ? ತಮಾಷೆಯೆಂದರೆ ಬ್ಯಾಂಕಿನ ಡೀಫಾಲ್ಟಿಗೆ ನಮ್ಮಲ್ಲಿ ಆಗಲೇ ‘ಸುಸ್ತಿ’ ಇದೆ. ಎರಡರ ಒಳಗೂ ಇರುವುದು ಒಂದೇ ಭಾವ, ಮಾಡಬೇಕಾದವನು ಸುಮ್ಮನಿದ್ದ. ಕಂತು ಕಟ್ಟದವನು ಸುಸ್ತಿದಾರ. ಬಾಡ್ ಹೇಳದವನಿಗೆ 9600. ಸ್ವಿಚ್‌ನ (ಸಿ ಭಾಷೆಯಲ್ಲಿ ಹಲವು ಕೇಸುಗಳಲ್ಲಿ ಒಂದನ್ನು ಆರಿಸುವ ರಚನೆ) ಕೊನೆಯಲ್ಲಿ ಬರೆಯುವ ಡೀಫಾಲ್ಟ್ ಕೂಡ ಯಾವ ಕೇಸೂ ಹೊಂದದಿದ್ದಾಗ ಬರುವ ದಾರಿಯೇ. ಹಾಗಂತ ‘ಸುಸ್ತಿ ಬೆಲೆ’ ಎಂದು ಬರೆಯುವ ಧೈರ್ಯ ನನಗಿಲ್ಲ.

ರೀಸೆಟ್‌ಗೆ ‘ಸೊನ್ನೆ ಮಾಡು’ ಎಂಬ ಸಲಹೆಯೂ ಬಂತು. ಅದು ಅಪಾಯ. ಪೋರ್ಟಿನ ಸೆಟ್ಟಿಂಗ್ ಹಿಡಿದಿಡುವ ಟರ್ಮಿಯೋಸ್ ಸ್ಟ್ರಕ್ಟಿಗೆ ಬರೀ ಸೊನ್ನೆ ತುಂಬಿ ಬರೆದರೆ ಲಿನಕ್ಸ್‌ನಲ್ಲಿ ಅಕ್ಷರದ ಅಳತೆ 5 ಬಿಟ್ಟಿಗೆ ಇಳಿಯುತ್ತದೆ, ವೇಗ ಬಿ0 ಆಗುತ್ತದೆ. ಬಿ0 ಅಂದರೆ ಸಂಪರ್ಕ ಕಡಿ ಎಂಬ ಆಜ್ಞೆ.

ಸದ್ಯಕ್ಕೆ ಮೊದಲನೆಯದಕ್ಕೆ ‘ಡೀಫಾಲ್ಟ್‌ಗೆ ತರು’ ಎಂದಿಟ್ಟುಕೊಂಡಿದ್ದೇನೆ, ಅದರಲ್ಲಿ ತಕರಾರಿಲ್ಲ. ಎರಡನೆಯದಕ್ಕೆ ‘ತೆರೆದಾಗ ಇದ್ದಂತೆ ಮಾಡು’ ಅರ್ಥಕ್ಕೆ ಸರಿ, ಆದರೆ ಉದ್ದ. ‘ಮೊದಲಿದ್ದಂತೆ’ ಅಂದರೆ ಯಾವ ಮೊದಲು ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ‘ಮರಳಿಸು’ ಅಂದರೆ ಸಾಲ ತಂದದ್ದನ್ನು ಕೊಟ್ಟುಬಂದಂತೆ ಕೇಳಿಸುತ್ತದೆ. ಎತ್ತಿಟ್ಟದ್ದನ್ನು ಅದರ ಜಾಗಕ್ಕೇ ಇಡುವುದಕ್ಕೆ ನಿಮ್ಮ ಮಾತಿನಲ್ಲಿ ಒಂದೇ ಪದದ ಕ್ರಿಯಾಪದ ಇದೆಯೇ?